ಅತಿಯಾಗಿ ತೊಳೆದ ಪ್ರೋಟೀನು

ತೊಳೆಯುವುದು ನನ್ನ ಚಟ. ಉಡುಪಿಯ ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವಳಿಗೆ ಇದೇನು ದೊಡ್ಡ ಕಾಯಿಲೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಹೈಡೆಲ್‌ಬರ್ಗಿನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತೇನೆ. ದಿನವೂ ವಾಲ್‌ಡಾರ್ಫಿಗೆ ಕಾರಿನಲ್ಲಿ ಹೋಗಿ ಸಾಫ್ಟ್‌ವೇರ್ ಬರೆದು ಬರುವ ನನ್ನ ಗಂಡ ಸುಧೀರ, ಹೆಚ್ಚು ಹೊತ್ತು ಒಂದೇ ಕಡೆ ಕೂತರೆ ನಾನು ತನ್ನನ್ನೂ ತೊಳೆದುಬಿಟ್ಟೇನೆಂದು ಹೆದರುವುದುಂಟು.

ಈ ಚಟಕ್ಕೆ ಸಂಬಳ ಕೊಡುವ ಕೆಲಸವೂ ಸಿಕ್ಕಿದೆ. ಲ್ಯಾಬಿನಲ್ಲಿ ನಾನು ಪ್ರೋಟೀನು ತೊಳೆಯುತ್ತೇನೆ, ಅಂದರೆ ಅದಕ್ಕಂಟಿದ ಬೇರೆಲ್ಲವನ್ನೂ ತೆಗೆದು ಶುದ್ಧ ಮಾಡುತ್ತೇನೆ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಪ್ರೋಟೀನು ಅದು. ಡಿಎನ್‌ಎಯ ಮೇಲೆ ತನ್ನ ಜಾಗದಲ್ಲಿ ಕೂತು, ಪಕ್ಕದ ಜೀನನ್ನು ಓದಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅದರ ಉದ್ಯೋಗ. ದೊಡ್ಡ ಹುದ್ದೆಯೇ. ಆದರೆ ನನ್ನ ಕೈಗೆ ಬಂದದ್ದು ಕೂರಲೇ ಒಲ್ಲದು. ಅದನ್ನು ತಿಳಿಯುವ ಪರೀಕ್ಷೆ ಸರಳ: ಜೆಲ್ ಎಂಬ ಲೋಳೆಯಂಥ ಹಾಳೆಯಲ್ಲಿ ಓಡಲು ಬಿಟ್ಟರೆ ಬರಿಯ ಡಿಎನ್‌ಎ ಸರಸರನೆ ಕೆಳಗಿಳಿಯುತ್ತದೆ, ಪ್ರೋಟೀನು ಹೊತ್ತದ್ದು ಸೊಂಟದಲ್ಲಿ ಮಗುವನ್ನೆತ್ತಿಕೊಂಡವಳಂತೆ ಹಿಂದುಳಿಯುತ್ತದೆ. ನನ್ನ ಜೆಲ್ಲಿನಲ್ಲಿ ಎಲ್ಲರೂ ಓಟಗಾರರು.

ಪ್ರೊಫೆಸರ್ ಒಳ್ಳೆಯ ಮನುಷ್ಯ. ಆದರೆ ಇಲ್ಲಿನ ಲ್ಯಾಬುಗಳಲ್ಲಿ ನಮ್ಮಂಥವರ ಕೆಲಸಕ್ಕೆ ಮುಗಿಯುವ ದಿನ ಮೊದಲೇ ಬರೆದಿರುತ್ತದೆ. ನನ್ನದು ಮಾರ್ಚ್ ಕೊನೆ. ಪ್ರೋಟೀನು ಕೂರದಿದ್ದರೆ ನಾನು ಏಳಬೇಕು. ನಿಜವಾಗಿಯೂ ಹೆದರಿದ್ದೆ. ಹೆದರಿದಾಗ ನನಗೆ ಗೊತ್ತಿರುವುದು ಒಂದೇ, ಇನ್ನಷ್ಟು ತೊಳೆಯುವುದು.

ಒಂದು ಶನಿವಾರ, ಮ್ಯಾನ್‌ಹೈಮಿನ ಅಂಗಡಿಯಿಂದ ತಂದ ಕುಚ್ಚಲಕ್ಕಿಯ ಮೇಲೆ ಈ ಹೆದರಿಕೆಯನ್ನೆಲ್ಲ ತೀರಿಸಿಕೊಂಡೆ. ಉಜ್ಜಿ ತೊಳೆದು, ಬೇಯಿಸಿ, ಬಸಿದು, ತಿಳಿಯನ್ನು ಸಿಂಕಿಗೆ ಸುರಿದೆ. ಗಂಜಿಗೆ ಬಟ್ಟಲು ಹಿಡಿದು ನಿಂತಿದ್ದ ಸುಧೀರನ ಮುಖ ನೋಡಬೇಕಿತ್ತು.

“ಎಂತ ಮಾರಾಯ್ತಿ, ತಿಳಿ ಚೆಲ್ಲಿದ್ಯಾ? ಟೇಸ್ಟೆಲ್ಲ ಅದರಲ್ಲೇ ಇರುದಲ್ವಾ!”

“ಕೊಳೆಯೂ ಅದರಲ್ಲೇ ಇರುದು” ಎಂದೆ. ಎಂದವಳು ಸೌಟು ಹಿಡಿದು ಹಾಗೇ ನಿಂತೆ.

ಪ್ರೋಟೀನೆಂದರೆ ಕಲ್ಲಿನ ವಿಗ್ರಹವಲ್ಲ. ಅದರ ಒಂದು ಮೂಲೆಯಲ್ಲಿ ಯಾವುದೋ ಚಿಕ್ಕ ಅಣು ಬಂದು ತಂಗಿದರೆ, ದೂರದ ಇನ್ನೊಂದು ಮೂಲೆಯ ಭಂಗಿಯೇ ಬದಲಾಗುತ್ತದೆ. ಡಿಎನ್‌ಎಯ ತಿರುವಿಗೆ ಸರಿಯಾಗಿ ತೋಳು ಚಾಚುತ್ತದೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ, ಬಣ್ಣಬಣ್ಣದ ಚಿತ್ರ ತೋರಿಸಿ. ಆ ಅಣುವನ್ನೇ ಕೊಳೆಯೆಂದು ತೊಳೆದುಬಿಟ್ಟಿದ್ದರೆ? ಪಾಠ ಹೇಳುವವರ ತಲೆಗೆ ಪಾಠ ಹತ್ತುವುದು ಸ್ವಲ್ಪ ನಿಧಾನ.

ಸೋಮವಾರ ಅದೇ ಬ್ಯಾಕ್ಟೀರಿಯಾವನ್ನು ಕುದಿಸಿ ಸೋಸಿದೆ. ದೊಡ್ಡ ಅಣುಗಳು ಹೋಗಿ ಚಿಕ್ಕವಷ್ಟೇ ಉಳಿದ ತಿಳಿ ಬಂತು. ಅದರ ಒಂದು ಹನಿಯನ್ನು ನನ್ನ ಪರಮಶುದ್ಧ ಪ್ರೋಟೀನಿಗೆ ಬೆರೆಸಿದೆ. ಮಧ್ಯಾಹ್ನದ ಹೊತ್ತಿಗೆ ಜೆಲ್ಲಿನಲ್ಲಿ ಒಂದು ಗೆರೆ ಕೆಳಗಿಳಿಯದೆ ಮೇಲೆಯೇ ನಿಂತಿತ್ತು. ಕೂತಿತ್ತು! ನನಗೆ ಅಳುವೇ ಬಂತು.

ಜೆಲ್ಲಿನ ಚಿತ್ರ ಹಿಡಿದು ಕ್ಯಾಂಟೀನಿಗೆ, ಲ್ಯಾಬಿನವರ ಮೇಜಿಗೆ ಓಡಿದೆ. ಈ ದೇಶಕ್ಕೆ ಬಂದಮೇಲೆ ನಾನು ಮಾತನ್ನೂ ತೊಳೆಯುತ್ತಿದ್ದವಳು. ಒಂದು ಜರ್ಮನ್ ವಾಕ್ಯವನ್ನು ಮನಸ್ಸಿನಲ್ಲೇ ಚೊಕ್ಕಟ ಮಾಡಿ ಹೊರತೆಗೆಯುವಷ್ಟರಲ್ಲಿ ಮೇಜಿನ ಸುದ್ದಿ ಬೇರೆಲ್ಲೋ ಹೋಗಿರುತ್ತಿತ್ತು. ನಾನು ಆಲೂಗಡ್ಡೆ ನೋಡುತ್ತ ಉಣ್ಣುತ್ತಿದ್ದೆ. ಅಂದು ಅಷ್ಟು ತಾಳ್ಮೆ ಎಲ್ಲಿತ್ತು? “ಅಯ್ಯೋ!” ಎಂದೇ ಶುರುಮಾಡಿದೆ. ಅರ್ಧ ಜರ್ಮನ್, ಅರ್ಧ ಇಂಗ್ಲಿಷ್, ಮಿಕ್ಕದ್ದು ಕೈಸನ್ನೆ. ಎಲ್ಲರೂ ನಕ್ಕರು, ತಟ್ಟೆ ಸರಿಸಿ ನಡುವೆ ಜಾಗ ಮಾಡಿದರು. ಅಲ್ಲೇ ಉಣ್ಣುತ್ತಿದ್ದ ಪ್ರೊಫೆಸರ್ ಚಿತ್ರವನ್ನು ಬಹಳ ಹೊತ್ತು ನೋಡಿ, ಏಪ್ರಿಲ್‌ನಲ್ಲಿ ನಾನು ಆ ಅಣು ಯಾವುದೆಂದು ಹುಡುಕುವುದರಿಂದ ಶುರುಮಾಡಬೇಕೆಂದರು. ಏಪ್ರಿಲ್! ಮಾರ್ಚ್ ಆದಮೇಲೆ ಅಂಥದ್ದೊಂದು ತಿಂಗಳಿದೆಯೆಂಬುದೇ ನನಗೆ ಮರೆತುಹೋಗಿತ್ತು.

ಆ ಅಣು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಮೊನ್ನೆ ಪ್ರೊಫೆಸರರ ಕೋಣೆಯಲ್ಲಿ ಏನೋ ಬಿದ್ದು ಒಡೆದ ಸದ್ದಾಯಿತು. ಅದರ ಬೆನ್ನಿಗೇ, ಅಪ್ಪಟ ಜರ್ಮನ್ ಗಂಟಲಿನಿಂದ, “ಅಯ್ಯೋ!”