ಸ್ಟ್ರೆಚರ್ ತಿರುಗಿಸಿದವಳು

ನನ್ನ ಅಕ್ಕ ಜಪ್ಪಯ್ಯ ಅಂದರೂ ಒಂದು ಕಡೆ ಕೂರುವವಳಲ್ಲ. ಊಟದ ತಟ್ಟೆ ಹಿಡಿದುಕೊಂಡೇ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಾಳೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದೀಯ" ಎಂದು ಬೈದೂ ಬೈದೂ ಅಮ್ಮನಿಗೆ ಸುಸ್ತಾಗಿದೆ. ಅವಳ ಕೆಲಸವೂ ಚಕ್ರದ್ದೇ. ದೊಡ್ಡ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಸ್ಟ್ರೆಚರ್ ತಳ್ಳುತ್ತಾಳೆ. ವಾರ್ಡಿನಿಂದ ಎಕ್ಸ್‌ರೇಗೆ, ಅಲ್ಲಿಂದ ಆಪರೇಷನ್ ಕೋಣೆಗೆ, ಮತ್ತೆ ವಾರ್ಡಿಗೆ.

ಅವಳಿಗೆ ಫಿಸಿಷಿಯನ್ ಅಸಿಸ್ಟೆಂಟ್ ಆಗಬೇಕು. ಎಂದರೆ, ಡಾಕ್ಟರ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಏನೆಂದು ಗುರುತಿಸಿ, ಔಷಧಿ ಬರೆಯುವವಳು. "ಡಾಕ್ಟರ ಬ್ಯಾಗ್ ಹಿಡ್ಕೊಳ್ಳೋಕೂ ಕಾಲೇಜು ಬೇಕೇನೆ?" ಎಂದು ಅಮ್ಮ ಕೇಳಿದ್ದಳು. ಅಕ್ಕ ವಾದಕ್ಕೆ ಇಳಿಯಲಿಲ್ಲ. ಸಂಜೆ ಕಾಲೇಜಿಗೆ ಸೇರಿ ಜೀವಶಾಸ್ತ್ರ, ರಸಾಯನಶಾಸ್ತ್ರ ಪಾಸು ಮಾಡಿದಳು. ಆಮೇಲೆ ಎರಡು ಮಕ್ಕಳಾಗಿ, ಅವು ಸ್ಕೂಲಿಗೆ ಹೋಗುವಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಆಗ ಅರ್ಜಿ ಹಾಕಿದಳು. ಸೀಟು ಸಿಗಲಿಲ್ಲ. ಮರುವರ್ಷ ಮತ್ತೆ ಹಾಕಿದಳು, ಮತ್ತೆ ಇಲ್ಲ. ಆ ಅಂಕಗಳಿಗೆ ಹತ್ತೇ ವರ್ಷ ಆಯಸ್ಸು. ಈ ವರ್ಷ ತಪ್ಪಿದರೆ ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಬರೆಯಬೇಕು. ಮೂವತ್ತೊಂಬತ್ತು ತುಂಬಿದವಳಿಗೆ ಇದೇ ಕೊನೆಯ ಸಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಆ ಎರಡೂ ಅರ್ಜಿ ತುಂಬಿದವಳು ನಾನು. ಅವಳು ಕೋಣೆಯಲ್ಲಿ ಶತಪಥ ತಿರುಗುತ್ತ ಹೇಳುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ನನ್ನ ಕೆಲಸ ಪಾರ್ಸೆಲ್ ಆಫೀಸಿನಲ್ಲಿ. ಒಂದಕ್ಷರ ತಪ್ಪಿದರೆ ಪೆಟ್ಟಿಗೆ ಬೇರೆ ಊರು ಸೇರುವ ಜಾಗ ಅದು. ಹಾಗಾಗಿ ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ.

ಈ ಸಲ ಅಕ್ಕ ಮೊದಲು ಕಾಲೇಜಿಗೆ ಫೋನ್ ಮಾಡಿ, ಯಾಕೆ ಬೇಡ ಅಂದಿರಿ ಎಂದು ನೇರವಾಗಿ ಕೇಳಿದಳು. ಆ ಕಡೆಯವಳು ಹಳೆಯ ಫೈಲು ತೆಗೆದಳು.

"ಎರಡು ಸಾವಿರ ಗಂಟೆ ರೋಗಿಗಳ ಆರೈಕೆ ಮಾಡಿರಬೇಕು ಮೇಡಂ. ನಿಮ್ಮದು ಸೊನ್ನೆ ಇದೆ. ನೀವು ಲಾರಿ ಕಂಪನಿಯವರು ಅಲ್ವಾ?"

ಪಕ್ಕದಲ್ಲೇ ಕೇಳುತ್ತಿದ್ದ ನಾನು ಹಳೆಯ ಅರ್ಜಿ ತೆರೆದು ನೋಡಿದೆ. ಕೆಲಸದ ವಿವರದಲ್ಲಿ ನಾನು ಬರೆದಿದ್ದು ಇಷ್ಟೇ: "ಸಾಗಣೆ ವಿಭಾಗ. ದಿನಕ್ಕೆ ಸುಮಾರು ನಲವತ್ತು ಸಾಗಣೆ." ಅವಳ ವಿಭಾಗದ ಬಾಗಿಲ ಮೇಲೂ ಅದೇ ಪದವಿದೆ, ನಮ್ಮ ಆಫೀಸಿನ ಬಾಗಿಲ ಮೇಲೂ ಅದೇ. ಪಾರ್ಸೆಲ್ಲಿಗೆ ಬರೆಯುವ ಹಾಗೆ ಬರೆದು ಕೈತೊಳೆದುಕೊಂಡಿದ್ದೆ. ರೋಗಿ ಎಂಬ ಪದವನ್ನೇ ಬಿಟ್ಟಿದ್ದೆ, ಅದೂ ಎರಡು ಸಲ.

"ಬೈ ಅಕ್ಕ, ಬೈದುಬಿಡು" ಅಂದೆ.

"ಸೊನ್ನೆ ಅಂದ್ಲು ಕಣೆ. ಸೊನ್ನೆ!" ಎನ್ನುತ್ತ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪದ ತಿದ್ದಿದರೆ ಸಾಲದು, ಆರೈಕೆ ಮಾಡಿದ್ದಕ್ಕೆ ಆಸ್ಪತ್ರೆಯವರ ಪತ್ರ ಬೇಕಿತ್ತು. ಕೊನೆಯ ದಿನ ಶುಕ್ರವಾರ, ಸಂಜೆ ಐದಕ್ಕೆ. ಅಂದು ನಾನು ರಜೆ ಹಾಕಿ ಅಕ್ಕನ ಜೊತೆ ಆಸ್ಪತ್ರೆಗೆ ಹೋದೆ. ಪತ್ರ ಕೊಡಬೇಕಾದವರು ವಾರ್ಡಿನ ಮುಖ್ಯ ನರ್ಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ, ಎದುರಿಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಅವರು ಔಷಧಿ ಕೊಡುತ್ತಿದ್ದರು, ನಾವು ಕಾದೆವು. ಮೂರೂವರೆ ಆಯಿತು, ಮೂರೂಮುಕ್ಕಾಲಾಯಿತು. ನನಗೆ ಗಡಿಯಾರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಕ್ಕ ಸುಮ್ಮನಿದ್ದಾಳೆಯೇ? ಒಬ್ಬ ಅಜ್ಜಿಯ ಬೆನ್ನಿಗೆ ದಿಂಬು ಸರಿಮಾಡಿದಳು, ಇನ್ನೊಬ್ಬರ ಡ್ರಿಪ್ ಮುಗಿದದ್ದು ನೋಡಿ ಗಂಟೆ ಒತ್ತಿದಳು. ತನ್ನ ರಜೆಯ ದಿನ, ಮನೆಯ ಬಟ್ಟೆಯಲ್ಲಿ!

ನಾಲ್ಕಕ್ಕೆ ದೊಡ್ಡ ಸಿಸ್ಟರ್ ಕರೆದರು. ಕಥೆಯೆಲ್ಲ ಕೇಳಿ ಕನ್ನಡಕ ತೆಗೆದರು.

"ಎರಡು ಸಲ ಅರ್ಜಿ ಹಾಕಿದ್ದೀಯ. ನನಗ್ಯಾಕೆ ಹೇಳ್ಲಿಲ್ಲ?"

"ನೀವು ನನಗೆ ಮೆಮೊ ಕೊಟ್ಟಿದ್ರಲ್ಲ ಸಿಸ್ಟರ್" ಎಂದು ಅಕ್ಕ ತಲೆ ತಗ್ಗಿಸಿದಳು. "ನಿಮಗೆ ನನ್ನ ಮೇಲೆ ಕೋಪ ಅಂದ್ಕೊಂಡೆ."

ಮೆಮೊ ವಿಷಯ ನನಗೆ ಗೊತ್ತೇ ಇರಲಿಲ್ಲ. ದೊಡ್ಡ ಸಿಸ್ಟರ್ ಬೀರುವಿನಿಂದ ಅಕ್ಕನ ಫೈಲು ತೆಗೆದು, ಒಂದು ಹಾಳೆ ಎಳೆದು ನನ್ನ ಮುಂದಿಟ್ಟರು. "ಓದಮ್ಮ, ಜೋರಾಗಿ."

ನಾನು ಓದಿದೆ. ನಾಲ್ಕು ವರ್ಷದ ಹಿಂದಿನದು. "ಮಂಡಿ ಆಪರೇಷನ್ ಆದ ರೋಗಿಯನ್ನು ಎಕ್ಸ್‌ರೇಗೆ ಕರೆದೊಯ್ಯಲು ಹೇಳಲಾಗಿತ್ತು. ಲಿಫ್ಟಿನಲ್ಲಿ ರೋಗಿಗೆ ಉಸಿರು ಕಟ್ಟುತ್ತಿದೆ ಎಂದು ತಾವೇ ನಾಡಿ ಹಿಡಿದು, ಮೀನಖಂಡ ಮುಟ್ಟಿ, ಬಿಸಿಯಾಗಿ ಊದಿದೆ ಎಂದು ತೀರ್ಮಾನಿಸಿ, ಯಾರ ಅನುಮತಿಯೂ ಇಲ್ಲದೆ ತುರ್ತು ವಿಭಾಗದ ಕಡೆಗೆ ಸ್ಟ್ರೆಚರ್ ತಿರುಗಿಸಿದ್ದಾರೆ. ತಮ್ಮದಲ್ಲದ ಕೆಲಸ ಮಾಡಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ."

"ಆ ರೋಗಿ ಏನಾದ್ರು?" ಎಂದು ಕೇಳಿದೆ.

"ರಕ್ತ ಹೆಪ್ಪುಗಟ್ಟಿ ಕಾಲಿಂದ ಶ್ವಾಸಕೋಶಕ್ಕೆ ಹೋಗಿತ್ತು. ಇವಳು ಎಕ್ಸ್‌ರೇ ಮುಂದೆ ಸಾಲಲ್ಲಿ ನಿಂತಿದ್ದರೆ ಉಳೀತಿರಲಿಲ್ಲ. ನಡ್ಕೊಂಡೇ ಮನೆಗೆ ಹೋದ್ರು." ಅವರು ಆಗಲೇ ಪತ್ರ ಬರೆಯತೊಡಗಿದ್ದರು. "ಗಂಟೆಗಳನ್ನ ನಾನು ಡ್ಯೂಟಿ ರಿಜಿಸ್ಟರ್ ನೋಡಿ ಬರೀತೀನಿ. ಇದನ್ನೂ ಜೊತೆಗೆ ಕಳಿಸು."

"ಇದು ಬೈಗುಳ ಅಲ್ವಾ ಸಿಸ್ಟರ್?" ನನಗೆ ಗಾಬರಿ.

"ಬೈಗುಳಾನೇ. ಆದ್ರೆ ನಾನು ಬೈಯೋವಾಗ ಸುಳ್ಳು ಬರೆಯಲ್ಲ. ನಾಡಿ ಹಿಡಿದಿದ್ದಾಳೆ, ಕಾಲು ನೋಡಿದ್ದಾಳೆ, ತೀರ್ಮಾನ ಮಾಡಿದ್ದಾಳೆ. ತಾರೀಕು ಇದೆ, ಸಹಿ ಇದೆ. ಅವರಿಗೆ ಇನ್ನೇನು ಬೇಕಂತೆ?"

ಅಕ್ಕ ಧೈರ್ಯ ಮಾಡಿ, "ಹಾಗಾದ್ರೆ ಆ ಮೆಮೊ ವಾಪಸ್ ತಗೊಳ್ತೀರಾ?" ಎಂದಳು.

"ಇಲ್ಲ. ವಾರ್ಡಿಗೆ ಒಂದು ಫೋನ್ ಮಾಡದೆ ತಿರುಗಿಸಿದ್ದು ತಪ್ಪೇ."

ನಾಲ್ಕು ಐವತ್ತೆರಡಕ್ಕೆ ಅರ್ಜಿ ಹೋಯಿತು. ಈ ಸಲ ನಾನು ಒಂದೊಂದು ಪದವನ್ನೂ ಅಕ್ಕನಿಗೆ ಎರಡೆರಡು ಸಲ ಓದಿ ಹೇಳಿದ್ದೆ.

ಸಂದರ್ಶನಕ್ಕೆ ಕರೆ ಬಂತು. ಅದಾದ ಐದು ವಾರಕ್ಕೆ ಸೀಟೂ ಸಿಕ್ಕಿತು. ಅಮ್ಮ ಕುಣಿದಾಡಿದಳು, ಬ್ಯಾಗಿನ ಮಾತನ್ನು ತಾನು ಆಡಿಯೇ ಇಲ್ಲವೆಂದು ಸಾಧಿಸಿದಳು. ಅಕ್ಕ ಮಾತ್ರ "ಹೂಂ, ಬಂತು" ಎಂದು ಮಕ್ಕಳ ಬಟ್ಟೆ ಮಡಿಸಲು ಹೋದಳು. ಅವಳು ಅಳುವುದೇನಿತ್ತೋ ಅದನ್ನು ಸಂದರ್ಶನದ ದಿನವೇ ಅತ್ತು ಮುಗಿಸಿದ್ದಳು.

ಅಂದು ನಾನು ಕಾಲೇಜಿನ ಹೊರಗೆ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಅಕ್ಕ ಕಣ್ಣೊರೆಸಿಕೊಳ್ಳುತ್ತ ಬಂದಳು. ಕೆಲಸ ಕೆಟ್ಟಿತು ಎಂದುಕೊಂಡು ನಾನು ಎದುರಿಗೆ ಓಡಿದೆ.

"ಏನಾಯ್ತು? ಏನ್ ಕೇಳಿದ್ರು?"

"ಆ ಮೆಮೊ ಓದಿದ್ರು. ಒಬ್ಬ ಡಾಕ್ಟರು ಪೆನ್ನು ಕೆಳಗಿಟ್ಟು, 'ಲಿಫ್ಟಲ್ಲಿ ನಿಮಗೆ ಏನನ್ನಿಸ್ತು, ಹೇಳಿ' ಅಂದ್ರು." ಅವಳು ನಿಲ್ದಾಣದ ಉದ್ದಕ್ಕೂ ನಡೆಯತೊಡಗಿದಳು. "ಹನ್ನೊಂದು ವರ್ಷ ಆಯ್ತು ಕಣೆ. ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀಯ ಅಂತ ಎಲ್ಲರೂ ಕೇಳಿದ್ದಾರೆ. ನಿಮಗೆ ಏನನ್ನಿಸ್ತು ಅಂತ ಇವತ್ತೇ ಮೊದಲು ಕೇಳಿದ್ದು."