‘ಬದುಕ್ತಾನೇನ್ರಿ ಸಿಸ್ಟರ್?’: ನಜ್ಮಾ ಉತ್ತರ ಹೇಳದ ಪ್ರಶ್ನೆ

ಹಾವೇರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್ ನಜ್ಮಾ ಹಾಸಿಗೆಯ ಮೇಲೆ ಬಾಗಿ ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ‘ಅಜ್ಜಾರ, ಕಣ್ಣ ತೆಗೀರಿ! ನನ್ನ ಕೈ ಗಟ್ಟಿ ಹಿಡೀರಿ!’

ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಕುಪ್ಪೇಲೂರಿನ ಅಜ್ಜ ಕಣ್ಣು ತೆಗೆಯುವುದಿಲ್ಲ. ನಜ್ಮಾ ರೆಪ್ಪೆ ಎತ್ತಿ ಟಾರ್ಚ್ ಬಿಡುತ್ತಾರೆ. ನೋವು ತಿಳಿಯುತ್ತದೆಯೇ ನೋಡಲು ಮುಷ್ಟಿಯಿಂದ ಎದೆಯ ಮೂಳೆ ಒತ್ತುತ್ತಾರೆ. ಅಜ್ಜನ ಎಡಗೈ ಆ ಮುಷ್ಟಿಯನ್ನು ತಳ್ಳಲು ಬರುತ್ತದೆ. ಅಷ್ಟನ್ನು ಬರೆದಿಟ್ಟು ಬಾಗಿಲು ತೆರೆದರೋ ಇಲ್ಲವೋ, ಮಗ, ಅಳಿಯ, ಊರಿನ ನಾಲ್ಕು ಮಂದಿ ಮುತ್ತಿಕೊಳ್ಳುತ್ತಾರೆ. ‘ನಮ್ಮಪ್ಪ ಬದುಕ್ತಾನೇನ್ರಿ ಸಿಸ್ಟರ್?’

‘ಡಾಕ್ಟರ್ ಬರ್ತಾರ, ಅವರನ್ನ ಕೇಳ್ರಿ’ ಎಂದು ಒಳಗೆ ಬಂದ ನಜ್ಮಾ ಕೈಗವಸು ಕಿತ್ತು ಬುಟ್ಟಿಗೆ ಎಸೆಯುತ್ತಾರೆ. ‘ದಿನಾ ಬೆಳಗಾದ್ರ ಇದ. ನಾ ಏನ್ ಗಿಣಿಶಾಸ್ತ್ರ ಹೇಳಾಕೇನ್ರಿ?’

ಗುತ್ತಲದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಚಮನಸಾಬರ ಮಗಳು ನಜ್ಮಾ. ಪಿಯುಸಿ ಮುಗಿಸಿ ನರ್ಸಿಂಗ್ ಕಲಿತರು, ಮದುವೆಯಾಗಿ ರಾಣೆಬೆನ್ನೂರಿಗೆ ಬಂದರು. ಅಲ್ಲಿಂದ ಹಾವೇರಿಗೆ ಬಸ್ಸಿನಲ್ಲಿ ಓಡಾಟ. ಹತ್ತು ಹಾಸಿಗೆಗೆ ಪಾಳಿಗೆ ಇಬ್ಬರು ನರ್ಸ್, ಅದೂ ಇಬ್ಬರೂ ಬಂದ ದಿನ. ಮಗ್ಗುಲು ಬದಲಿಸಬೇಕು, ಗಂಟಲಿನ ನಳಿಕೆಯ ಕಫ ತೆಗೆಯಬೇಕು, ತಾಸಿಗೊಮ್ಮೆ ಹೆಸರು ಹಿಡಿದು ಕೂಗಬೇಕು.

ಹಾಗೆ ಕೂಗಿ, ಎಚ್ಚರ ಎಷ್ಟಿದೆಯೆಂದು ಅಳೆದು ಕೊಡುವ ಅಂಕವೇ ಅವರಿಗೆ ದೊಡ್ಡ ತಲೆನೋವು. ಕಣ್ಣು, ಮಾತು, ಕೈಕಾಲು ಮೂರೂ ಸೇರಿ ಹದಿನೈದು. ಏನೂ ಅಲುಗದವನಿಗೂ ಮೂರು ಇದ್ದೇ ಇರುತ್ತದೆ. ಇದು ಹೇಗೋ ಹೊರಗಿನವರ ಕಿವಿಗೆ ಬಿದ್ದಿರುತ್ತದೆ. ‘ಆರು ಬಿದ್ದಾವಂದ್ರ ಪಾಸೇನ್ರಿ ಅಂತ ಕೇಳ್ತಾರ! ನಿನ್ನೆ ಏಳಿತ್ತು, ಇವತ್ತ ಯಾಕ ಆರು ಕೊಟ್ಟೀರಿ ಅಂತ ಜಗಳಕ್ಕ ಬರ್ತಾರ. ಡಾಕ್ಟರ್ ಈಗ ಹೇಳಾಕ ಬರಂಗಿಲ್ಲ ಅಂದ್ರ ಏನೋ ಮುಚ್ಚಿಡಾಕತ್ತಾರ ಅಂತಾರ. ಅವರು ಹೇಳಿ ಹೋಗ್ತಾರ, ಕೇಳಿದವರು ನನ್ನ ಕೊರಳಿಗೆ ಬೀಳ್ತಾರ.’

ಹೋದ ವರ್ಷದ ಮೆಣಸಿನಕಾಯಿ ಸುಗ್ಗಿಯಲ್ಲಿ ಆದದ್ದನ್ನು ಮಾತ್ರ ಅವರು ಈಗಲೂ ಸಿಟ್ಟಿನಿಂದಲೇ ಹೇಳುತ್ತಾರೆ. ಬ್ಯಾಡಗಿ ಮಾರುಕಟ್ಟೆಯ ಹಮಾಲ ಚನ್ನೇಶ ಲಾರಿಯ ಮೇಲೆ ಚೀಲ ಜೋಡಿಸುವಾಗ ಜಾರಿ ತಲೆ ಕೆಳಗಾಗಿ ಬಿದ್ದಿದ್ದ. ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ತೆಗೆದರೂ ಎಚ್ಚರ ಬರಲಿಲ್ಲ. ಉಸಿರಾಟವೆಲ್ಲ ಯಂತ್ರದ್ದು. ಡಾಕ್ಟರು ಮನೆಯವರನ್ನು ಕೂರಿಸಿ ಹೇಳಿದರು: ಇಂಥ ಪೆಟ್ಟು ಬಿದ್ದ ಹತ್ತು ಮಂದಿಯಲ್ಲಿ ಇಬ್ಬರೋ ಮೂವರೋ ಚೇತರಿಸಿಕೊಳ್ಳಬಹುದು, ಇವನು ಅವರಲ್ಲಿ ಒಬ್ಬನೋ ಅಲ್ಲವೋ ಹೇಳಲಾಗದು, ಇನ್ನೂ ಕೆಲವು ವಾರ ನೋಡೋಣ.

ಚನ್ನೇಶನ ದೊಡ್ಡಪ್ಪ ವಿರೂಪಾಕ್ಷಪ್ಪನವರಿಗೆ ಕೇಳಿಸಿದ್ದು ಉಳಿಯದವರ ಲೆಕ್ಕ ಮಾತ್ರ. ಮರುದಿನವೇ ಅವರು ಆಂಬುಲೆನ್ಸ್ ತಂದು ನಿಲ್ಲಿಸಿದರು.

‘ಬದುಕಂಗಿಲ್ಲ ಅಂದಮ್ಯಾಗ ಇಲ್ಲಿಟ್ಟು ಏನ್ ಮಾಡೋದೈತಿ? ಊರ ಮಣ್ಣಿಗರ ಸೇರ್ಲಿ.’

‘ಬದುಕಂಗಿಲ್ಲ ಅಂತ ಯಾರ್ ಹೇಳ್ಯಾರ್ರಿ?’ ನಜ್ಮಾ ಬಾಗಿಲಿಗೆ ಅಡ್ಡ ನಿಂತರು.

‘ಹಂಗಾರ ಬದುಕ್ತಾನಂತ ನೀವ ಹೇಳ್ರಿ!’

‘ಅದೂ ಹೇಳಂಗಿಲ್ಲ! ಇವತ್ತ ಒಯ್ದ್ರ ದಾರ್ಯಾಗ ಸಾಯ್ತಾನ. ಆಮ್ಯಾಲೆ ನೋಡ್ರಿ, ಡಾಕ್ಟರ್ ಹೇಳಿದ್ದು ಖರೇ ಆತು ಅಂತೀರಿ. ಖರೇ ಮಾಡಿದವರು ನೀವ!’

ನಿಜವೆಂದರೆ, ಹಿಂದಿನ ದಿನವಷ್ಟೇ ಗಂಡ ಅಸ್ಲಮ್ ಎದುರು ಅವರೇ ಹೇಳಿದ್ದರು, ‘ಆ ಹುಡುಗ ಉಳಿಯೂದು ಕಷ್ಟ ಅನಸ್ತೈತಿ.’ ಹಾಗೆ ಅನ್ನಿಸಿದ್ದಕ್ಕೇ ಅಂದು ದನಿ ಅಷ್ಟು ಏರಿತ್ತು. ‘ನನಗ ಅನಿಸಿದ್ದು ನನ್ನ ಹತ್ರ ಇರಬೇಕ್ರಿ. ಅದನ್ನ ನಂಬಿ ಒಬ್ಬನ ಯಂತ್ರ ತಗದ್ರ ಹೆಂಗ?’

ಚನ್ನೇಶನ ಹೆಂಡತಿ ಕಾವ್ಯಾ ಅಲ್ಲಿಯವರೆಗೂ ಮೆಟ್ಟಿಲ ಮೇಲೆ ಕುಳಿತಿದ್ದಳು. ಎದ್ದು ಬಂದು, ‘ಮಾವಾರ, ನೀವು ಊರಿಗೆ ಹೋಗ್ರಿ. ನಾ ಒಯ್ಯಾಕ ಸಹಿ ಹಾಕಂಗಿಲ್ಲ’ ಎಂದಳು. ಆಂಬುಲೆನ್ಸ್ ಖಾಲಿ ಹೋಯಿತು. ವಿರೂಪಾಕ್ಷಪ್ಪ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಚನ್ನೇಶ ಸಿನಿಮಾದಲ್ಲಿ ಏಳುವಂತೆ ಏಳಲಿಲ್ಲ. ಕಣ್ಣು ತೆರೆದ, ಆದರೆ ಯಾರನ್ನೂ ನೋಡಲಿಲ್ಲ. ಯಂತ್ರ ಬಿಡಿಸಿದ ಮೇಲೂ ಹಾಗೇ ಇದ್ದ. ಆಮೇಲೊಂದು ಬೆಳಿಗ್ಗೆ ಊಟ ಹಾಕುವ ಮೂಗಿನ ನಳಿಕೆಯನ್ನು ಕಿತ್ತೆಸೆದ. ನಜ್ಮಾ ಮತ್ತೆ ಹಾಕಿದರು, ಮತ್ತೆ ಕಿತ್ತ. ಬೈದು ಕೈ ಹಿಡಿದುಕೊಂಡರೆ ಅವರತ್ತಲೇ ಕಣ್ಣು ಕೆಕ್ಕರಿಸಿದ. ‘ನನ್ನನ್ನ ನೋಡಿ ಸಿಟ್ಟಿಗೆದ್ದಾನ ಅಂತ ತಿಳಿದಿದ್ದ ತಡ, ಬೈಕೋತನ ಓಡಿದೆ, ಕಾವ್ಯಾನ ಕರ್ಯಾಕ.’

ಈಗ ಚನ್ನೇಶ ಬಲಗಾಲು ಎಳೆಯುತ್ತ ನಡೆಯುತ್ತಾನೆ. ಹಮಾಲಿ ಮುಗಿದ ಮಾತು. ಕಾವ್ಯಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಇವನು ಮನೆಯಲ್ಲಿ ಉಂಡದ್ದು ಮರೆತು ಊಟ ಕೊಡಲಿಲ್ಲವೆಂದು ತಾಟು ಎಸೆಯುತ್ತಾನೆ. ಒಮ್ಮೆ ತಪಾಸಣೆಗೆ ಬಂದಾಗ ಕಾವ್ಯಾ ನಜ್ಮಾರನ್ನು ತಡೆದು ನಿಲ್ಲಿಸಿದಳು. ‘ಬದುಕ್ತಾರೋ ಇಲ್ಲೋ ಅಂತ ದಿನಾ ಕೇಳಿದೆ. ಬದುಕಿ ಹೆಂಗಿರ್ತಾರ ಅಂತ ಕೇಳಲಿಲ್ಲ. ನೀವರ ಯಾಕ ಹೇಳಲಿಲ್ರಿ ಅಕ್ಕಾ?’

ಆಸ್ಪತ್ರೆಯಲ್ಲಿ ಇನ್ನೇನು ಬೇಕೆಂದು ಕೇಳಿದರೆ ನಜ್ಮಾ ಈಗ ಕಾವ್ಯಾಳ ಆ ಮಾತು ನೆನೆದೇ ಹೇಳುತ್ತಾರೆ: ‘ಮನಿಯವರ ಜೋಡಿ ಕುಂತು ಮಾತಾಡಾಕ ಒಬ್ಬರನ್ನ ಇಡ್ಲಿ. ನಾ ಕಫ ತೆಗೀಲ್ಯೋ, ಅವರ ಕಣ್ಣೀರ ಒರಸಲ್ಯೋ?’

ಮೊನ್ನೆ ಚನ್ನೇಶ ಮತ್ತೆ ಬಂದಿದ್ದ. ಕಾದು ಕಾದು ಬೇಸತ್ತು, ಎದುರಿಗೆ ಬಂದ ನಜ್ಮಾರ ಮೇಲೆಯೇ ತೊದಲುತ್ತ ರೇಗಿದ. ‘ಎಷ್ಟೊತ್ತ ಕುಂದರಸ್ತೀರಿ? ನೀವ್ ಯಾರು? ಡಾಕ್ಟರನ್ನ ಕರೀರಿ!’

ಕಾವ್ಯಾ ನಾಚಿ, ‘ರೀ, ಹಂಗನಬ್ಯಾಡ್ರಿ, ಇವರು...’ ಎನ್ನುತ್ತಿದ್ದಂತೆ ನಜ್ಮಾ ಕೈಯೆತ್ತಿ ತಡೆದರು.

‘ಇರ್ಲಿ ಬಿಡವ್ವಾ. ನಾ ನೋಡಿಕೊಂಡಾಗ ಅವರಿಗೆ ಪೂರಾ ಎಚ್ಚರ ಎಲ್ಲಿತ್ತು? ಇಲ್ಲಿಂದ ನಡಕೋತ ಹೋದವರು ಒಬ್ಬರೂ ನನ್ನ ಗುರ್ತ ಹಿಡಿಯಂಗಿಲ್ಲ. ನಡಕೋತ ಹೋಗ್ಯಾರ, ಸಾಕು.’