ದಾಕ್ಷಿ ಗೆರೆ ಎಳೆಯುವ ಆಟ

ಮಗಳ ಮಾತನ್ನು ತಾನು ಕೊಟ್ಟ ಫೋನೇ ನುಂಗಿಬಿಟ್ಟಿತೇನೋ ಎಂಬ ಚಿಂತೆ ಸುನಂದಾಳ ತಲೆ ಹೊಕ್ಕು ಎಂಟು ತಿಂಗಳಾಗಿತ್ತು. ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಮೊದಮೊದಲು ಎದೆ ಡವಗುಟ್ಟುತ್ತಿತ್ತು. ಈಗ ಅದೂ ಇಲ್ಲ. ಜೋಮು ಹಿಡಿದ ಕಾಲಿನ ಹಾಗೆ ಚಿಂತೆಯನ್ನು ಎಳೆದುಕೊಂಡೇ ಓಡಾಡುತ್ತಿದ್ದಳು.

ದಾಕ್ಷಿಗೆ ನಾಲ್ಕೂವರೆ ವರ್ಷ. ಆಡುವುದು ನಾಲ್ಕೈದು ಮಾತು, ಅದೂ ಬಾಯಲ್ಲಿ ತುತ್ತು ಇಟ್ಟುಕೊಂಡವಳ ಹಾಗೆ.

ಸುನಂದಾ ಮೈಸೂರಿನಲ್ಲಿ ಓದಿ ಬೆಳೆದು ದಂಡಿನಶಿವರದ ಪಕ್ಕದ ಈ ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದವಳು. ಒಣಗರಿ ಬಿದ್ದರೂ ಬೆಚ್ಚುತ್ತಾಳೆಂದು ಗಂಡ ತಿಲಕ್ ನಗುತ್ತಿದ್ದ. ಮಗಳು ಮಾತ್ರ ಗರಿ ಬಿದ್ದರೂ ತಲೆ ಎತ್ತುವವಳಲ್ಲ, ಧೈರ್ಯವಂತೆ, ಅಪ್ಪನ ಹಾಗೆ ಎಂದು ಅವನಿಗೆ ಹೆಮ್ಮೆ.

ಊಟ ಸೇರಲಿ ಎಂದು ಮಗುವಿನ ಕೈಗೆ ಫೋನ್ ಕೊಟ್ಟು ಕಲಿಸಿದವಳು ಸುನಂದಾಳೇ. ಈಗ ದಾಕ್ಷಿಗೆ ಒಂದೇ ಆಟ. ಅದರಲ್ಲಿ ಗುಂಡಗಿನ ನೀಲಿ ಬೊಂಬೆಯೊಂದನ್ನು ಮನೆ ಮುಟ್ಟಿಸಬೇಕು. ದಾರಿಯಲ್ಲಿ ಹಳ್ಳ ಬಂದರೆ ಬೆರಳಿನಿಂದ ಗೆರೆ ಎಳೆದರಾಯಿತು, ಅದೇ ಸೇತುವೆ. ಮೋಡ ಬರೆದರೆ ಮಳೆ ಸುರಿದು ಗುಂಡಿ ತುಂಬುತ್ತದೆ, ಬೊಂಬೆ ತೇಲಿ ಮೇಲೆ ಬರುತ್ತದೆ. ಸುನಂದಾಳಿಗೇ ಹೊಳೆಯದ ಎಷ್ಟೋ ಘಟ್ಟಗಳನ್ನು ದಾಕ್ಷಿ ಕಣ್ಣು ಕೀಲಿಸಿಕೊಂಡು ದಾಟಿದ್ದಳು.

ಮಾತು ಬಾರದ ಮಕ್ಕಳನ್ನು ನೋಡುವ ಮೈಸೂರಿನ ಆಸ್ಪತ್ರೆಯೊಂದರ ನಂಬರನ್ನು ಅಂಗನವಾಡಿಯ ಗಿರಿಜಾಂಬಿಕಾ ಮೇಡಂ ಕೊಟ್ಟಿದ್ದರು. ಸುನಂದಾ ಇನ್ನೂ ಫೋನ್ ಮಾಡಿರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಫೋನ್ ಕೊಡ್ತೀರ ಎಂದೇ ಆಸ್ಪತ್ರೆಯವರು ಮೊದಲು ಕೇಳುವುದು ಎಂದು ಅವಳಿಗೆ ಖಾತ್ರಿಯಿತ್ತು.

ಆ ದಿನ ಅಟ್ಟದಿಂದ ಇಳಿಸಿದ ಕಾಯಿ ಸುಲಿದು ಅಂಗಳದಲ್ಲಿ ರಾಶಿ ಹಾಕಿದ್ದರು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಗಿಟುಕು, ಅಂದರೆ ಕೊಬ್ಬರಿ, ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಅಲ್ಲಾಡಿಸಿದಾಗ ಲೊಟಲೊಟ ಎನ್ನುತ್ತದೆ. ಅದನ್ನು ಒಡೆಯಬಹುದು. ಸದ್ದಿಲ್ಲದ್ದು ಮತ್ತೆ ಅಟ್ಟಕ್ಕೆ. ಅತ್ತೆ ಹೊಂಬಾಳಮ್ಮ ಒಂದೊಂದನ್ನೇ ಕಿವಿಗೆ ಹಿಡಿದು ವಿಂಗಡಿಸುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳದೂ ಅದೇ ಕೆಲಸ.

"ಇವಳ ಕಿವಿ ನೋಡ್ರವ್ವಾ," ಎಂದಳು ಕೂಲಿಗೆ ಬಂದು ಚಿಪ್ಪು ಒಡೆಯುತ್ತಿದ್ದ ರಾಮಕ್ಕ. "ನಂಗೇ ಒಂದೊಂದ್ ಸಲ ತಪ್ತದೆ, ಇದಕ್ಕೆ ತಪ್ಪಾಕಿಲ್ಲ."

"ಕಿವಿ ಚುರುಕು ಕಣೇ. ಮಾತೂ ಬತ್ತದೆ ಬುಡು. ಅವರಪ್ಪನೂ ಐದು ತುಂಬೋಗಂಟ ಬಾಯಿ ಬುಡ್ನಿಲ್ಲ. ಈಗ ಮುಚ್ಚಾಕಿಲ್ಲ."

"ನಿಮ್ ಸೊಸೆ ಕೈಯಿಂದ ಆ ಫೋನ್ ಕಿತ್ಕಳಿ. ನಾಳೀಕೇ ಮಾತಾಡ್ತದೆ."

ಸುನಂದಾ ಕೇಳಿಸಿಕೊಂಡಳು. ಬೇಸರವೂ ಆಗಲಿಲ್ಲ.

ಅಷ್ಟರಲ್ಲಿ ದಾಕ್ಷಿ ಕಾಯಿ ಬಿಟ್ಟು ಫೋನ್ ಹಿಡಿದು ಬಂದಳು. ಮೂರು ದಿನದಿಂದ ಒಂದೇ ಘಟ್ಟದಲ್ಲಿ ಸಿಕ್ಕಿಕೊಂಡಿದ್ದಳು. ಮೂರು ಗೋಡೆ, ನೋಡಲು ಮೂರೂ ಒಂದೇ. ಸುನಂದಾ ಬೊಂಬೆಯನ್ನು ಒಂದೊಂದರ ಹತ್ತಿರವೂ ನಡೆಸಿದಳು. ನಡುವಿನ ಗೋಡೆಯ ಹಿಂದೆ ನೀರು ಸುರಿಯುವ ಸದ್ದು. ಅಲ್ಲಿ ಬಾಗಿಲು ಬರೆದಳು, ತೆರೆಯಿತು. ದಾಕ್ಷಿ ಮಂತ್ರ ಹಾಕಿದವಳನ್ನು ನೋಡುವಂತೆ ಅಮ್ಮನನ್ನು ನೋಡಿದಳು.

ಮುಂದಿನ ಸಲ ಸದ್ದು ಬಲಗಡೆ. ದಾಕ್ಷಿ ಮತ್ತೆ ನಡುವೆಯೇ ಬರೆದಳು. ಸುನಂದಾ ಸೌಂಡನ್ನು ಪೂರ್ತಿ ಏರಿಸಿದಳು.

"ನಲ್ಲಿ ಬುಟ್ ಬಂದಿದ್ದೀರೇನ್ರವ್ವಾ?" ಅಂಗಳದ ಆ ತುದಿಯಿಂದ ರಾಮಕ್ಕ ಕೇಳಿದಳು.

ದಾಕ್ಷಿ ಆಗಲೂ ನಡುವೆಯೇ ಬರೆದಳು.

ಸುನಂದಾ ಎದ್ದು ಒಡೆಯುವ ರಾಶಿಯಿಂದ ಒಂದು ಕಾಯಿ ತಂದಳು. ಮಗಳ ಬೆನ್ನ ಹಿಂದೆ ಕೂತು ಕಿವಿಯ ಹತ್ತಿರವೇ ಅಲ್ಲಾಡಿಸಿದಳು. ಲೊಟಲೊಟ. ದಾಕ್ಷಿ ತಿರುಗಲಿಲ್ಲ. ಇನ್ನೊಂದು ಕಿವಿಗೂ ಹಿಡಿದಳು. ಇಲ್ಲ. ಮುಂದೆ ಬಂದು ಕಾಯಿಯನ್ನು ಅವಳ ಕೈಗೆ ಇಟ್ಟಳು. ದಾಕ್ಷಿ ಅಜ್ಜಿಯ ಹಾಗೆಯೇ ಅದನ್ನು ಕಿವಿಯ ಬಳಿಗೆ ಎತ್ತಿ, ಕೆನ್ನೆಗೆ ಒತ್ತಿಕೊಂಡು ಒಮ್ಮೆ ಅಲ್ಲಾಡಿಸಿದಳು, ಎದ್ದು ಹೋಗಿ ಸರಿಯಾಗಿ ಒಡೆಯುವ ರಾಶಿಗೇ ಹಾಕಿದಳು. ಒಳಗಿನ ಗಿಟುಕು ಚಿಪ್ಪಿಗೆ ಬಡಿದದ್ದು ಅವಳ ಅಂಗೈಗೆ, ಕೆನ್ನೆಗೆ ತಿಳಿದಿತ್ತು. ಅಷ್ಟು ಸಾಕಿತ್ತು ಅವಳಿಗೆ. ಮನೆಮಂದಿಯೆಲ್ಲ ಹೊಗಳಿದ ಕಿವಿ ಅದು.

"ಯಾಕವ್ವಾ, ಹಂಗ್ಯಾಕೆ ನಿಂತೆ?" ಎಂದರು ಹೊಂಬಾಳಮ್ಮ.

"ಏನಿಲ್ಲ ಅತ್ತೆ."

ಅಳು ಬರಬೇಕಿತ್ತು, ಬರಲಿಲ್ಲ. ಫೋನಿನ ತಪ್ಪಲ್ಲ ಎಂದು ಹಗುರವಾಗಬೇಕಿತ್ತು, ಅದೂ ಆಗಲಿಲ್ಲ. ಸುನಂದಾ ಫೋನ್ ಎತ್ತಿಕೊಂಡು ನೀರಿನ ತೊಟ್ಟಿಯ ಮರೆಗೆ ಹೋಗಿ ಮೈಸೂರಿನ ಆ ಆಸ್ಪತ್ರೆಯ ನಂಬರ್ ಒತ್ತಿದಳು. ಆಟ ಹೋಯಿತೆಂದು ದಾಕ್ಷಿ ಹಿಂದೆಯೇ ಬಂದು ಸೆರಗು ಎಳೆದಳು.

"ಮಗೂಗೆ ಎಷ್ಟ್ ವರ್ಷ?" ಆ ಕಡೆಯ ಹೆಂಗಸಿನ ದನಿ.

"ನಾಲ್ಕೂವರೆ."

"ಮಾತು ಬರಲ್ವಾ?"

"ಕಿವಿ ಕೇಳಿಸಲ್ಲ ಅನ್ಸುತ್ತೆ ಮೇಡಂ."

"ಯಾವಾಗಿಂದ?"

ಸುನಂದಾ ಯೋಚಿಸಿದಳು. ಎಷ್ಟು ಹಿಂದಕ್ಕೆ ಹೋದರೂ ಕರೆದಾಗ ಮಗು ತಿರುಗಿದ್ದೊಂದು ದಿನ ನೆನಪಿಗೆ ಸಿಗಲಿಲ್ಲ.

"ಹುಟ್ಟಿದಾಗಿಂದ ಇರಬೇಕು," ಎಂದಳು. "ನಮಗೆ ಗೊತ್ತಾಗಿದ್ದು ಇವತ್ತು."

"ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕರ್ಕೊಂಡ್ ಬನ್ನಿ. ಹೆಸರು ಹೇಳಿ, ಬರ್ಕೋತೀನಿ."

ಸುನಂದಾ ಮಗಳ ಹೆಸರು ಹೇಳಿದಳು.